ಘನಸ್ಥಿತಿ ಹುದುಗುವಿಕೆ: ಶಾಖದ ಹತೋಟಿಯೇ ಲಾಭದ ಹತೋಟಿ

ಹದವಾಗಿ ನೀರು ಬೆರೆಸಿ, ಹಬೆಯಲ್ಲಿ ಶುದ್ಧೀಕರಿಸಿದ ಗೋಧಿ ಬೂಸದ ಮೇಲೆ ಶಿಲೀಂಧ್ರ ಬೆಳೆಸಿ ಕಿಣ್ವ ಪಡೆಯುವ ವಿಧಾನವೇ ಘನಸ್ಥಿತಿ ಹುದುಗುವಿಕೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಈ ವಿಧಾನವನ್ನೂ ಅಳವಡಿಸಿಕೊಂಡು ಕಟ್ಟಿದ ಕಿಣ್ವೋದ್ಯಮವನ್ನು 2007ರಲ್ಲಿ ನೊವೋಜೈಮ್ಸ್ ಸಂಸ್ಥೆಗೆ ಮಾರಿತು.

ಆಸ್ಪರ್ಜಿಲಸ್ ನೈಜರ್ ಶಿಲೀಂಧ್ರಕ್ಕೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಬೂಸದಲ್ಲಿ ಶೇ. 50ರಿಂದ 60 ತೇವಾಂಶ ಹಿತಕರ. ಆದರೆ ಬೆಳೆಯುವಾಗ ಅದು ತಾನೇ ಶಾಖ ಹೊರಸೂಸುತ್ತದೆ. ಬೂಸ ಆ ಶಾಖವನ್ನು ಬೇಗ ಬಿಟ್ಟುಕೊಡದು. ಆದುದರಿಂದ ಟ್ರೇಯಲ್ಲಿ ಪದರ ತೆಳುವಾಗಿರಬೇಕು. ತೇವಭರಿತ ಗಾಳಿ ಆಡುತ್ತಿರಬೇಕು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಳೆಗಾಲದಲ್ಲಿ ಅನ್ಯ ಬೂಷ್ಟು ಸೇರುವ ಭಯವೂ ಉಂಟು. ಖರೀದಿದಾರ ಬೆಲೆ ಕೊಡುವುದು ತೂಕಕ್ಕಲ್ಲ, ಕಿಣ್ವದ ಚಟುವಟಿಕೆಯ ಯೂನಿಟ್‌ಗಳಿಗೆ. ಶಾಖ ಮಿತಿಮೀರಿದ ಬ್ಯಾಚಿನಲ್ಲಿ ಖರ್ಚು ಪೂರ್ತಿ, ಯೂನಿಟ್ ಅಲ್ಪ. ಪ್ರತಿ ಬ್ಯಾಚಿನ ಉಷ್ಣತೆ, ತೇವಾಂಶ, ಯೂನಿಟ್‌ಗಳನ್ನು ದಾಖಲಿಸಿ, ಯೂನಿಟೊಂದರ ತಯಾರಿಕಾ ವೆಚ್ಚ ಲೆಕ್ಕ ಹಾಕಿದವರಿಗೆ ಮಾತ್ರ ನಿಜವಾದ ಲಾಭ ತಿಳಿಯುತ್ತದೆ.