ಕುರ್ಚಿಯೂ ಕಲಿಕೆಯೂ

ದಿನವಿಡೀ ಕುಳಿತೇ ಕೆಲಸಮಾಡುವ ಗುಮಾಸ್ತನಿಗೆ ಆಯಾಸವೇಕೆ? ಹದಿನೆಂಟನೆಯ ಶತಮಾನದ ಆದಿಯಲ್ಲಿಯೇ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿಯು ಇದನ್ನು ವಿವೇಚಿಸಿದ್ದನು. ಬರೆವಣಿಗೆಯವರ ಬೇನೆಗಳಿಗೆ ಆತನು ಕಂಡ ಕಾರಣಗಳು ಮೂರು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಸದಾ ಒಂದೇ ರೀತಿಯಲ್ಲಿ ಆಡಿಸುವುದು, ಮನಸ್ಸಿನ ಬಿಗಿತ.

ಸ್ನಾಯುವು ಬಿಗಿದಾಗ ಅದರೊಳಗಿನ ಸಣ್ಣ ರಕ್ತನಾಳಗಳು ಅದುಮಲ್ಪಡುತ್ತವೆ. ನಡೆಯುವಾಗ ಸ್ನಾಯುಗಳು ಒಮ್ಮೆ ಬಿಗಿದು ಒಮ್ಮೆ ಸಡಿಲಗೊಳ್ಳುವುದರಿಂದ ರಕ್ತವು ಸರಾಗವಾಗಿ ಹರಿಯುತ್ತದೆ. ಒಂದೇ ಭಂಗಿಯಲ್ಲಿ ಕುಳಿತವನ ಸ್ನಾಯುಗಳಿಗಾದರೋ ಈ ಬಿಡುವಿಲ್ಲ. ನಮ್ಮ ತಲೆಯ ತೂಕ ಸುಮಾರು 4ರಿಂದ 5 ಕಿಲೋಗ್ರಾಂ. ಅದನ್ನು ಮುಂದಕ್ಕೆ ಬಾಗಿಸಿದಷ್ಟೂ ಹೊತ್ತು ಕತ್ತಿನ ಹಿಂಭಾಗದ ಸ್ನಾಯುಗಳು ಅದನ್ನು ಎಳೆದು ಹಿಡಿದಿರಬೇಕು. ಸಂಜೆಯ ನೋವಿನ ಮೂಲ ಇಲ್ಲಿದೆ.

ಕೆಲಸವನ್ನು ಮನುಷ್ಯನ ದೇಹಕ್ಕೂ ಮನಸ್ಸಿಗೂ ಹೊಂದಿಸುವ ಶಾಸ್ತ್ರವೇ ಎರ್ಗೊನಾಮಿಕ್ಸ್. ಈ ಹೆಸರನ್ನು 1857ರಲ್ಲಿ ಪೋಲೆಂಡಿನ ಯಾಸ್ಟ್ರೆಂಬೊವ್ಸ್ಕಿ ಎಂಬ ವಿದ್ವಾಂಸನು ಬಳಸಿದನು. ಪಾದಗಳು ನೆಲಕ್ಕೆ ತಾಗಿರಬೇಕು, ಬೆನ್ನಿಗೆ ಆಸರೆಯಿರಬೇಕು, ಕಂಪ್ಯೂಟರ್ ಪರದೆಯ ಮೇಲಂಚು ಸುಮಾರಾಗಿ ಕಣ್ಣಿನ ಮಟ್ಟದಲ್ಲಿರಬೇಕು ಎಂಬಂಥ ತಿಳಿವಳಿಕೆಯನ್ನು ಅನೇಕ ಕಚೇರಿಗಳು ನೌಕರರಿಗೆ ಕೊಡುತ್ತಿವೆ.

ಆದರೆ ಬರಿಯ ತಿಳಿವಳಿಕೆ ಸಾಕೆ? ಅಮೆರಿಕದ ತೆರಿಗೆ ಇಲಾಖೆಯೊಂದರಲ್ಲಿ ನಡೆದು, ಬೆಂಜಮಿನ್ ಆಮಿಕ್ ಮತ್ತು ಸಂಗಡಿಗರಿಂದ 2003ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಪ್ರಶ್ನೆಯನ್ನು ಪರೀಕ್ಷಿಸಿತು. ನೌಕರರ ಮೊದಲನೆಯ ಗುಂಪಿಗೆ ಬೇಕಾದಂತೆ ಹೊಂದಿಸಬಹುದಾದ ಕುರ್ಚಿಯನ್ನೂ ಶಿಕ್ಷಣವನ್ನೂ ಕೊಟ್ಟರು. ಎರಡನೆಯದಕ್ಕೆ ಶಿಕ್ಷಣವನ್ನು ಮಾತ್ರ. ಮೂರನೆಯದಕ್ಕೆ ಪ್ರಯೋಗ ಮುಗಿಯುವವರೆಗೆ ಎರಡೂ ಇಲ್ಲ. ಒಂದು ವರ್ಷದವರೆಗೆ ಇವರನ್ನು ಗಮನಿಸಲಾಯಿತು. ಹೊತ್ತು ಏರಿದಂತೆ ಏರುವ ನೋವು ಮೊದಲನೆಯ ಗುಂಪಿನಲ್ಲಿ ತಗ್ಗಿತು. ಶಿಕ್ಷಣವನ್ನು ಮಾತ್ರ ಪಡೆದವರಿಗೂ ಏನೂ ಪಡೆಯದವರಿಗೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ಶಿಕ್ಷಣವು ವ್ಯರ್ಥವೆಂದು ತಿಳಿಯಬಾರದು. ಕುರ್ಚಿಯನ್ನು ತಗ್ಗಿಸಬೇಕೆಂದು ಬಲ್ಲವನಿಗೆ ಅದು ತಗ್ಗದಿದ್ದರೆ ಅವನ ಅರಿವಿನಿಂದ ಫಲವೇನು? ತಗ್ಗುವ ಕುರ್ಚಿಯಿದ್ದೂ ಎಷ್ಟು ತಗ್ಗಿಸಬೇಕೆಂದು ಅರಿಯದವನಿಗೆ ಅದರ ಹಿಡಿಗಳು ಬರಿಯ ಅಲಂಕಾರ. ಅರಿವೂ ಅನುಕೂಲವೂ ಕೂಡಿದಾಗಲೇ ನೌಕರನು ತನ್ನ ಸ್ಥಳಕ್ಕೆ ತಾನೇ ಒಡೆಯನಾಗುತ್ತಾನೆ. ಕೆಲಸದ ಸ್ಥಳದ ಬಗೆಗಿನ ತೃಪ್ತಿಗೆ ಈ ಸ್ವಾತಂತ್ರ್ಯವು ಒಂದು ಮುಖ್ಯ ಆಧಾರ.

ವಿದ್ಯಾರ್ಥಿಗಳಿಗೂ ಇದು ಅನ್ವಯಿಸುತ್ತದೆ. ಕಾಲುಗಳು ನೇತಾಡುತ್ತಿದ್ದರೆ ಕೆಳಗೊಂದು ಮಣೆಯನ್ನಿಡಿರಿ. ಪುಸ್ತಕವನ್ನು ಓರೆಯಾಗಿ ಎತ್ತರಿಸಿರಿ. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಎಷ್ಟೇ ಒಳ್ಳೆಯ ಭಂಗಿಯಾದರೂ ಬಹಳ ಹೊತ್ತು ಬದಲಾಗದಿದ್ದರೆ ದೇಹಕ್ಕೆ ಭಾರವೇ.