ಖಾಲಿ ಕಾಗದಕ್ಕೆ ಮೊಹರು

ಪ್ರಶ್ನೆ: ನಮ್ಮ ಮಹಿಳಾ ಸ್ವಸಹಾಯ ಸಂಘಕ್ಕೆ ನಾನು ಪ್ರತಿನಿಧಿ. ಸಂಘದ ಒಂದು ಪೈಸೆಯನ್ನೂ ಮುಟ್ಟಿದವಳಲ್ಲ. ಪುಸ್ತಕ ಬರೆಯುವಾಕೆ ಚುರುಕು. ಬ್ಯಾಂಕಿಗೆ ಅಲೆಯುವುದು ತಪ್ಪಲೆಂದು ಹಣ ತೆಗೆಯುವ ಖಾಲಿ ಚೀಟಿಗಳಿಗೆ ಸಹಿ ಹಾಕಿ ಅವಳಿಗೆ ಕೊಟ್ಟಿರುತ್ತೇನೆ. ಈಗ ಸದಸ್ಯೆಯರು ಲೆಕ್ಕ ಕೇಳುತ್ತಿದ್ದಾರೆ. ನನ್ನ ನಡತೆ ಗೊತ್ತಿದ್ದೂ ಕೇಳಬಹುದೇ?
– ಓದುಗರು, ನೌಬಾದ

ಉತ್ತರ: ಕೇಳಬಹುದು ತಾಯಿ, ಕೇಳಲೇಬೇಕು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್ ನಿಮ್ಮ ಹಾಗೆಯೇ ಕೈ ಶುದ್ಧವಿದ್ದವನು. ನಾಲ್ಕು ತರಫ್‌ಗಳನ್ನು, ಅಂದರೆ ಪ್ರಾಂತಗಳನ್ನು, ಎಂಟಾಗಿ ಒಡೆದ. ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿ ಮಿಕ್ಕವನ್ನು ಸುಲ್ತಾನನ ವಶಕ್ಕೆ ತಂದ. ಹಗೆಗಳಿಗೇನು ಬರ? ಇತಿಹಾಸಕಾರ ಫಿರಿಶ್ತಾ ಬರೆದಿಟ್ಟಂತೆ, ಅವರು ಗವಾನನ ಮೊಹರು ಕಾಯುವವನಿಗೆ ಕುಡಿಸಿ ಖಾಲಿ ಕಾಗದಕ್ಕೆ ಅದನ್ನು ಒತ್ತಿಸಿಕೊಂಡರು. ಒರಿಸ್ಸಾದ ರಾಜನಿಗೆ ಬರೆದ ದ್ರೋಹದ ಪತ್ರವೆಂಬಂತೆ ಅದನ್ನು ತುಂಬಿ ಸುಲ್ತಾನನ ಮುಂದಿಟ್ಟರು. ಮೊಹರು ನನ್ನದು, ಪತ್ರ ನನ್ನದಲ್ಲ ಎಂದ ಗವಾನ್. ಯಾರು ಕೇಳಬೇಕು? 1481ರ ಏಪ್ರಿಲ್‌ನಲ್ಲಿ ತಲೆ ಹೋಯಿತು. ಆಮೇಲೆ ಅವನ ಖಜಾನೆ ತೆರೆಸಿದರೆ ಕೂಡಿಟ್ಟ ಸಂಪತ್ತೇ ಇರಲಿಲ್ಲ.

ಊರವರ ಕೋಟೆಗಳಿಗೆಲ್ಲ ಕಟ್ಟು ಹಾಕಿದವನು ತನ್ನ ಮೊಹರಿಗೆ ಹಾಕಲಿಲ್ಲ. ನಿಮ್ಮ ಸಹಿಯೂ ಅಂಥದೇ. ಪುಸ್ತಕ ಬರೆಯುವಾಕೆ ಕಳ್ಳಿ ಎಂದಲ್ಲ; ಪಾಪ, ನಾಳೆ ಹೆಚ್ಚುಕಮ್ಮಿಯಾದರೆ ಅವಳೂ ಸಿಕ್ಕಿಬೀಳುತ್ತಾಳೆ. ಉಳಿದ ಚೀಟಿಗಳನ್ನು ಇಂದೇ ಹರಿದುಹಾಕಿ. ವಾರದ ಸಭೆಯಲ್ಲಿ ಪಾಸ್‌ಬುಕ್ಕನ್ನೂ ಠರಾವು ಪುಸ್ತಕವನ್ನೂ ಎದುರೆದುರು ಇಟ್ಟು, ಓದು ಬಾರದವರಿಗೂ ತಿಳಿಯುವಂತೆ ಗಟ್ಟಿಯಾಗಿ ಓದಿಸಿ. ನಿಮ್ಮ ನಡತೆ ಅವರಿಗೆ ಕಾಣುವುದು ಅಲ್ಲಿಯೇ.

ಪ್ರಶ್ನೆ: ಸಹಕಾರ ಸಂಘವೊಂದರಲ್ಲಿ ಗುಮಾಸ್ತ ನಾನು. ಸಭೆಗೆ ಬಾರದ ನಿರ್ದೇಶಕರಿಗೂ ಹಾಜರಿ ತುಂಬಿ ಭತ್ಯೆ ಬರೆ ಎನ್ನುತ್ತಾರೆ ಅಧ್ಯಕ್ಷರು. ತಕರಾರು ಮಾಡಿದರೆ, ‘ಪಟ್ಟದ್ದೇವರೂ ಸುಳ್ಳು ಬೋರ್ಡ್ ಹಾಕಿದ್ದರಲ್ಲ’ ಅನ್ನುತ್ತಾರೆ.
– ಓದುಗರು, ಭಾಲ್ಕಿ

ಉತ್ತರ: ಹಾಕಿದ್ದರು. ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಸಿಕ್ಕಿಬಿದ್ದಿದ್ದರೆ ಶಿಕ್ಷೆ ಸ್ವಾಮಿಗಳಿಗೆ. ಅಕ್ಷರ ಮಾತ್ರ ಮಕ್ಕಳಿಗೆ. ನಿಮ್ಮ ಅಧ್ಯಕ್ಷರದು ತಿರುಗುಮುರುಗು: ಭತ್ಯೆ ಅವರ ಬಳಗಕ್ಕೆ, ತನಿಖೆ ಬಂದರೆ ಕೈಬರಹ ನಿಮ್ಮದು. ಹಾಜರಿ ತುಂಬಬೇಡಿ. ಒತ್ತಾಯ ಮಾಡಿದರೆ, ಹಾಗೆಂದು ಬರೆದುಕೊಡಿ ಎಂದು ಕೇಳಿ.