ರಾಕೆಟ್ ಯಂತ್ರದ ಪಂದ್ಯವೂ ಪಾರಿಭಾಷಿಕ ಶಬ್ದಗಳೂ

ವಿದ್ಯಾರ್ಥಿಗಳ ಯಂತ್ರಮಾದರಿಗಳ ಸ್ಪರ್ಧೆಯೊಂದರಲ್ಲಿ ಒಬ್ಬ ಹುಡುಗನು ತನ್ನ ಪುಟ್ಟ ಹಬೆಯಂತ್ರವನ್ನು ತೋರಿಸುತ್ತ, "ಇದರ ತಾಪನತಲ ಅಧಿಕವಾಗಿದೆ" ಎಂದನು. ನೋಡಲು ಬಂದಿದ್ದ ವೃದ್ಧೆಯೊಬ್ಬರು "ಹಾಗೆಂದರೇನಪ್ಪಾ?" ಎಂದು ಕೇಳಿದರು. ಹುಡುಗನು ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದನು. ಆ ಶಬ್ದದ ಅರ್ಥ ಅವನಿಗೂ ತಿಳಿಯದೆಂಬುದು ತೀರ್ಪುಗಾರನಾಗಿದ್ದ ನನಗೆ ಆಗಲೇ ಹೊಳೆಯಿತು.

ಸಾರ್ವಜನಿಕರ ಎದುರಿನಲ್ಲೇ ನಡೆದ ಹಳೆಯ ಪಂದ್ಯವೊಂದನ್ನು ಇಲ್ಲಿ ನೆನೆಯಬಹುದು. ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರಿಗೆ ರೈಲುಮಾರ್ಗ ಹಾಕುತ್ತಿದ್ದ ಕಂಪನಿಯು 1829ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ರೇನ್‌ಹಿಲ್ ಎಂಬಲ್ಲಿ, ಉತ್ತಮ ಹಬೆಯಂತ್ರಕ್ಕೆ 500 ಪೌಂಡುಗಳ ಬಹುಮಾನದ ಪಂದ್ಯವನ್ನು ನಡೆಸಿತು. ಸಾವಿರಾರು ಜನ ನೆರೆದರು. ಯಂತ್ರವು ತನ್ನ ತೂಕದ ಮೂರು ಪಟ್ಟು ಭಾರವನ್ನು ಗಂಟೆಗೆ 10 ಮೈಲಿ ವೇಗದಲ್ಲಿ ಎಳೆಯಬೇಕೆಂಬುದು ಮುಖ್ಯ ನಿಬಂಧನೆ. ಅಶ್ವಶಕ್ತಿಯ ಮಾತೇ ಇಲ್ಲ. ತಕ್ಕಡಿ, ಗಡಿಯಾರಗಳನ್ನು ಬಲ್ಲ ಯಾರಿಗಾದರೂ ಗೆಲುವುಸೋಲು ತಿಳಿಯುವಂತಿತ್ತು. ಆದರೆ ಹಬೆಯ ಒತ್ತಡ ಚದರ ಅಂಗುಲಕ್ಕೆ 50 ಪೌಂಡನ್ನು ಮೀರಕೂಡದೆಂದೂ ವಿಧಿಸಿದ್ದರು. ಇಲ್ಲಿ ಪಾರಿಭಾಷಿಕ ಶಬ್ದವೇ ಬೇಕು. "ಹಬೆ ಬಹಳ ಬಿರುಸಾಗಿರಬಾರದು" ಎಂದರೆ ಅದು ನಿಯಮವಾಗದು, ಸಿಡಿಯುವ ಬಾಯ್ಲರನ್ನು ತಡೆಯಲೂ ಆರದು.

ಪರೀಕ್ಷೆಯನ್ನು ಪೂರೈಸಿದ್ದು ಸ್ಟೀಫನ್‌ಸನ್ ತಂದೆಮಕ್ಕಳ 'ರಾಕೆಟ್' ಒಂದೇ. ಅದರ ಗುಟ್ಟು ಆ ಹುಡುಗನ ತಾಪನತಲವೇ! ಒಲೆಯ ಬಿಸಿ ಅನಿಲವು ಬಾಯ್ಲರಿನ ನೀರಿನ ನಡುವೆ ಕೊಳವೆಯೊಳಗಿಂದ ಹಾದುಹೋಗುತ್ತದೆ. ಆ ಕೊಳವೆಯ ಮೈಯಲ್ಲಿ ನೀರಿಗೆ ತಾಗುವ ಭಾಗವೇ ತಾಪನತಲ. 15 ಅಂಗುಲ ವ್ಯಾಸದ, 6 ಅಡಿ ಉದ್ದದ ಒಂದೇ ಕೊಳವೆಯಿದ್ದರೆ ಆ ಮೈಯ ವಿಸ್ತಾರ ಸುಮಾರು 23½ ಚದರ ಅಡಿ. ರಾಕೆಟ್ಟಿನಲ್ಲಿ ಅದರ ಬದಲು ಅಷ್ಟೇ ಉದ್ದದ, 3 ಅಂಗುಲ ವ್ಯಾಸದ 25 ತಾಮ್ರದ ಕೊಳವೆಗಳಿದ್ದವು. ಅಡ್ಡಕೊಯ್ತದ ಕ್ಷೇತ್ರಫಲ ಎರಡರಲ್ಲೂ ಒಂದೇ. ಮೈಯ ವಿಸ್ತಾರ ಮಾತ್ರ ಸುಮಾರು 118 ಚದರ ಅಡಿ, ಅಂದರೆ ಐದು ಪಟ್ಟು. ವಾಚಕರು ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಸೌದೆಯನ್ನು ಸೀಳಿದರೆ ಬೇಗ ಉರಿ ಹತ್ತುವುದನ್ನು ಕಂಡ ಆ ವೃದ್ಧೆಗೆ, ಒಂದನ್ನು ಹಲವಾಗಿಸಿದರೆ ಮೈ ಹೆಚ್ಚುವುದೆಂಬುದನ್ನು ತಿಳಿಸುವುದು ಕಷ್ಟವಾಗುತ್ತಿರಲಿಲ್ಲ.

ಸ್ಟೀಫನ್‌ಸನ್ನರಿಗೆ ಈ ಕೊಳವೆಗಳ ಸಲಹೆಯನ್ನಿತ್ತವನು ಹೆನ್ರಿ ಬೂತ್. ಅವನು ಎಂಜಿನಿಯರನಲ್ಲ, ಧಾನ್ಯವ್ಯಾಪಾರದ ಮನೆತನದಿಂದ ಬಂದು ಕಂಪನಿಯ ಕಾರ್ಯದರ್ಶಿಯಾಗಿದ್ದವನು. ಬಹುಮಾನದಲ್ಲಿ ಅವನಿಗೂ ಪಾಲು ದೊರೆಯಿತು.